ಕಟ್ಟುವ ವಿದ್ಯೆಗೆ ಕನ್ನಡದ ಬಾಗಿಲು

ಮೈಸೂರಿನ ರೈಲು ನಿಲ್ದಾಣದಿಂದ ಬಹು ದೂರವಲ್ಲದ ಯಾದವಗಿರಿಯಲ್ಲಿ ಆಕಾಶವಾಣಿಯ ನಿಲಯವಿರುವುದನ್ನು ಮೈಸೂರಿಗರೆಲ್ಲರೂ ಬಲ್ಲರು. ಆದರೆ ಆ ನಿಲಯದ ಮೂಲವು ಒಬ್ಬ ಅಧ್ಯಾಪಕರ ಮನೆಯಲ್ಲಿತ್ತೆಂಬುದನ್ನು ನೆನೆಯುವವರು ಈಗ ಕಡಮೆಯಾಗಿದ್ದಾರೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿಯ ಸೆಪ್ಟೆಂಬರ್ 10ರಂದು, ನೆರೆಯ ಒಂಟಿಕೊಪ್ಪಲಿನ ಕಡೆಯಿದ್ದ ತಮ್ಮ ‘ವಿಠಲ ವಿಹಾರ’ದಲ್ಲಿ, ಕೇವಲ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ಸ್ಥಾಪಿಸಿ, ಸಂಗೀತವನ್ನೂ ವಿದ್ವಾಂಸರ ಭಾಷಣಗಳನ್ನೂ ಊರಿನ ಮನೆಗಳಿಗೆ ಕಳುಹಲು ತೊಡಗಿದರು, ಹಲವು ವರ್ಷ ಆ ಸಾಹಸದ ಭಾರವನ್ನು ಬಹುಮಟ್ಟಿಗೆ ತಾವೇ ಹೊತ್ತರು, ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡುದು ಅನಂತರ. ಕಾಲೇಜಿನ ಗೋಡೆಗಳೊಳಗೆ, ಶುಲ್ಕ ತೆತ್ತವರಿಗೆ ಮಾತ್ರ ಮೀಸಲಾಗಿದ್ದ ವಿದ್ವಾಂಸರ ಮಾತು, ಕೇಳುವ ಯಂತ್ರವೊಂದಿದ್ದರೆ ಯಾರ ಪಡಸಾಲೆಗಾದರೂ ಬರಬಹುದೆಂಬುದನ್ನು ಈ ಊರು ಅಂದೇ ಕಂಡುಕೊಂಡಿತು. ಅದೇ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪಟ್ಟಣ ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಡುತ್ತಿದ್ದರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಲ್ಪ ಬೆಲೆಗೆ ಜನರ ಕೈಸೇರುತ್ತಿದ್ದುವು.

ಈ ಎರಡು ಪ್ರಯತ್ನಗಳೂ ಸಾಹಿತ್ಯ, ಇತಿಹಾಸ, ಆರೋಗ್ಯ, ವಿಜ್ಞಾನ ಮುಂತಾದ ವಿಷಯಗಳಲ್ಲಿ ಸಫಲವಾದಷ್ಟು ಕಟ್ಟುವ ವಿದ್ಯೆಗಳಲ್ಲಿ ಸಫಲವಾಗಲು ಸಾಧ್ಯವಿರಲಿಲ್ಲ. ಮನೆಯ ನಕ್ಷೆಯನ್ನು ಬರೆಯುವ ವಾಸ್ತುಶಿಲ್ಪಿ, ಬಳಕೆಯ ವಸ್ತುವಿಗೆ ರೂಪ ಕೊಡುವ ವಿನ್ಯಾಸಕಾರ, ಸೇತುವೆಯ ಭಾರವನ್ನು ಲೆಕ್ಕಹಾಕುವ ಇಂಜಿನಿಯರ್, ಈ ಮೂವರ ಕಲಿಕೆಗೂ ಚಿತ್ರ ಬೇಕು, ಮಾದರಿ ಬೇಕು, ಕೈಯಿಂದ ಮಾಡಿ ನೋಡುವ ಅವಕಾಶ ಬೇಕು. ರೇಡಿಯೋ ಧ್ವನಿಯಿಂದಲೋ ನಾಲ್ಕಾಣೆಯ ಹೊತ್ತಗೆಯಿಂದಲೋ ಇವೆಲ್ಲವನ್ನೂ ಒದಗಿಸುವುದು ಅಸಾಧ್ಯವಾಗಿತ್ತು. ಆದಕಾರಣ ಈ ವಿದ್ಯೆಗಳು ದೀರ್ಘಕಾಲ ದುಬಾರಿಯ ವಿದ್ಯೆಗಳಾಗಿಯೇ ಉಳಿದುವು. ಪುಸ್ತಕ ವಿದೇಶದಿಂದ ಬರಬೇಕು, ಪ್ರಯೋಗಶಾಲೆ ಕಾಲೇಜಿನಲ್ಲೇ ಇರಬೇಕು, ಗಣಕಯಂತ್ರದ ಕಾಲ ಬಂದ ಮೇಲಂತೂ ನಕ್ಷೆ ಬರೆಯುವ ತಂತ್ರಾಂಶಕ್ಕೆ ವರ್ಷಾವರ್ಷವೂ ಹಣ ತೆರಬೇಕು. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುವ ಬಡ ವಿದ್ಯಾರ್ಥಿಗೆ, ಇಲ್ಲವೆ ತಂದೆಯ ಹಿಂದೆ ಕರಣೆ ಹಿಡಿದು ಹೊರಡುವ ಮೇಸ್ತ್ರಿಯ ಮಗನಿಗೆ, ಈ ವಿದ್ಯೆಯ ಮೇಲಂತಸ್ತುಗಳು ಕಣ್ಣಿಗೆ ಕಂಡರೂ ಕಾಲಿಗೆ ಎಟುಕುವಂತಿರಲಿಲ್ಲ.

ಕಳೆದ ಎರಡೂವರೆ ದಶಕಗಳಲ್ಲಿ ಈ ಸ್ಥಿತಿಯು ಮೂಲತಃ ಬದಲಾಗಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ತರಗತಿಗಳ ಪಾಠಸಾಮಗ್ರಿಯನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದಿಡುವುದಾಗಿ 2001ರಲ್ಲಿ ಸಾರಿ, ಮರುವರ್ಷವೇ ಮೊದಲ 50 ಪಾಠಕ್ರಮಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಭಾರತವು ಈ ಕಾರ್ಯದಲ್ಲಿ ಹಿಂದೆ ಬೀಳಲಿಲ್ಲ. 2003ರಲ್ಲಿ ಮುಂಬಯಿ, ದೆಹಲಿ, ಕಾನ್ಪುರ, ಖರಗ್‌ಪುರ, ಮದರಾಸು, ಗುವಾಹಾಟಿ, ರೂರ್ಕಿ ಎಂಬ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಡಗೂಡಿ, ಕೇಂದ್ರ ಸರ್ಕಾರದ ಧನಸಹಾಯದಿಂದ, ಎನ್‌ಪಿಟೆಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಯೋಜನೆಯನ್ನು ಕೈಗೊಂಡುವು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಬ ಐದು ಶಾಖೆಗಳ ಮೂಲಪಾಠಗಳಿಂದ ಆರಂಭವಾದ ಆ ಭಂಡಾರವು ಇಂದು ವಾಸ್ತುಶಿಲ್ಪ, ನಗರಯೋಜನೆ, ವಿನ್ಯಾಸಶಾಸ್ತ್ರಗಳವರೆಗೂ ವಿಸ್ತರಿಸಿದೆ. ಇಲ್ಲಿ ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿಯೊಂದುಂಟು: ಇಂದಿಗೂ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನ್ನಿಸಿಕೊಳ್ಳುವ ಆ ವಿಜ್ಞಾನ ಸಂಸ್ಥೆಯು ತಲೆಯೆತ್ತಿದುದು ಮೈಸೂರು ಸಂಸ್ಥಾನವು ದಾನವಾಗಿ ಕೊಟ್ಟ 371 ಎಕರೆ ನೆಲದ ಮೇಲೆ. ಪ್ರಜೆಗಳ ನೆಲವನ್ನು ಪಡೆದ ಸಂಸ್ಥೆಯ ಪ್ರಾಧ್ಯಾಪಕರ ಪಾಠವು ಪ್ರಜೆಗಳ ಮನೆಬಾಗಿಲಿಗೆ ಶುಲ್ಕವಿಲ್ಲದೆ ಬರುತ್ತಿರುವುದು ಸರ್ವಥಾ ಉಚಿತವಾಗಿದೆ.

ಈ ಪಾಠಗಳು ನಡೆಯುವ ಕ್ರಮವನ್ನು ಸಾಮಾನ್ಯ ವಾಚಕರು ತಿಳಿದಿರುವುದು ಒಳ್ಳೆಯದು, ಏಕೆಂದರೆ ಉಚಿತವೆಂದೊಡನೆ ಅದು ಹಗುರವಾದುದೆಂದು ಭಾವಿಸುವವರು ಹಲವರಿದ್ದಾರೆ. ಒಂದೊಂದು ಪಾಠಕ್ರಮವೂ 4, 8 ಅಥವಾ 12 ವಾರಗಳದು. ವಾರಕ್ಕೆ ಕೆಲವು ಉಪನ್ಯಾಸಗಳು, ಅವುಗಳ ಲಿಖಿತ ಪಾಠ, ವಾರದ ಕೊನೆಗೆ ಬಿಡಿಸಿ ಒಪ್ಪಿಸಬೇಕಾದ ಪ್ರಶ್ನೆಗಳು, ಸಂದೇಹಗಳನ್ನು ಕೇಳಿ ಉತ್ತರ ಪಡೆಯುವ ಏರ್ಪಾಡು, ಇಷ್ಟೂ ಯಾವ ಶುಲ್ಕವೂ ಇಲ್ಲದೆ ದೊರೆಯುತ್ತವೆ. ಪ್ರಮಾಣಪತ್ರ ಬೇಕೆಂಬುವರು ಮಾತ್ರ ಗೊತ್ತಾದ ಕೇಂದ್ರಕ್ಕೆ ಸ್ವತಃ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಪರೀಕ್ಷೆ ಬರೆಯಬೇಕು; ಶುಲ್ಕವಿರುವುದು ಆ ಪರೀಕ್ಷೆಗಷ್ಟೆ. 2017ರಲ್ಲಿ ಸ್ವಯಂ ಎಂಬ ರಾಷ್ಟ್ರೀಯ ವೇದಿಕೆಯು ಆರಂಭವಾದ ಮೇಲೆ ಈ ಕಲಿಕೆಯನ್ನು ಪದವಿಯ ಅಂಕಗಳಿಗೂ ಸೇರಿಸಿಕೊಳ್ಳುವ ಮಾರ್ಗ ತೆರೆಯಿತು. ಪ್ರಯೋಗಶಾಲೆಯ ಕೊರತೆಯನ್ನು ಕೊಂಚಮಟ್ಟಿಗೆ ನೀಗಿಸಲು ವರ್ಚುಯಲ್ ಲ್ಯಾಬ್ಸ್ ಎಂಬ ಕಾರ್ಯಕ್ರಮವುಂಟು. ತೆರೆಯ ಮೇಲೆಯೇ ಭಾರವನ್ನು ಹೇರಿ ತೊಲೆಯು ಬಾಗುವುದನ್ನು ಅಳೆಯುವಂಥ ಅಭ್ಯಾಸಗಳು ಅದರಲ್ಲಿವೆ. ಅದರ ಸಹಭಾಗಿ ಸಂಸ್ಥೆಗಳಲ್ಲಿ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಒಂದು. ನಿಜವಾದ ಉಕ್ಕಿನ ಸಲಾಕೆಯನ್ನು ಎಳೆದು ಮುರಿದಾಗ ಕಿವಿಗೆ ಬೀಳುವ ಶಬ್ದ ತೆರೆಯ ಮೇಲೆ ಬರಲಾರದು. ಆದರೂ ಪ್ರಯೋಗಶಾಲೆಯೇ ಇಲ್ಲದ ಊರಿನ ಹುಡುಗಿಗೆ ಅದು ಇಲ್ಲದುದಕ್ಕಿಂತ ಎಷ್ಟೋ ಮೇಲು.

ವಾಸ್ತುಶಿಲ್ಪದ ವಿದ್ಯಾರ್ಥಿಗೆ ಮೈಸೂರು ಸೀಮೆಯೇ ಒಂದು ಪಾಠಶಾಲೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ನಾಜಿಗಳ ಆಳ್ವಿಕೆಯಲ್ಲಿ ಜರ್ಮನಿಯನ್ನು ತೊರೆದ ಆಟೊ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿಯು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಸುಮಾರು ಒಂಬತ್ತು ವರ್ಷ ಇಲ್ಲಿಯ ಬಿಸಿಲು, ಮಳೆ, ಗಾಳಿಗಳನ್ನು ಅಭ್ಯಸಿಸಿದನು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವನ ಕೈಯಲ್ಲಿ ರೂಪುಗೊಂಡುವು. ಅನಂತರ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿದ ಅವನು ಸಹಲೇಖಕರೊಡನೆ 1974ರಲ್ಲಿ ಪ್ರಕಟಿಸಿದ ಉಷ್ಣವಲಯದ ವಸತಿನಿರ್ಮಾಣದ ಕೈಪಿಡಿಯು ಲೋಕದ ಅನೇಕ ವಾಸ್ತುಶಾಲೆಗಳಲ್ಲಿ ಪಠ್ಯವಾಯಿತು. ಅವನೂ ಅವನ ಸಂಗಡಿಗರೂ ವಿಶ್ವಸಂಸ್ಥೆಗಾಗಿ 1971ರಲ್ಲಿ ಸಿದ್ಧಪಡಿಸಿದ ಮಹೋನಿ ಕೋಷ್ಟಕಗಳು ಹವಾಮಾನಕ್ಕೆ ತಕ್ಕ ಮನೆಯನ್ನು ಯೋಚಿಸುವ ಅತ್ಯಂತ ಸರಳವಾದ ವಿಧಾನಗಳಲ್ಲೊಂದಾಗಿದ್ದು, ಇಂದಿಗೂ ತರಗತಿಗಳಲ್ಲಿ ಬೋಧಿಸಲ್ಪಡುತ್ತಿವೆ. ತಿಂಗಳು ತಿಂಗಳಿನ ಉಷ್ಣತೆ, ತೇವ, ಮಳೆಗಳ ಅಂಕಗಳನ್ನು ತುಂಬುತ್ತ ಹೋದರೆ, ಮನೆಯ ಮುಖ ಯಾವ ದಿಕ್ಕಿಗಿರಬೇಕು, ಕಿಟಕಿಗಳು ಗೋಡೆಯ ಎಷ್ಟು ಪಾಲಿರಬೇಕು, ಚಾವಣಿ ಹಗುರವಿರಬೇಕೆ ದಪ್ಪವಿರಬೇಕೆ ಎಂಬ ಪ್ರಶ್ನೆಗಳಿಗೆ ಆ ಕೋಷ್ಟಕಗಳೇ ಉತ್ತರವನ್ನು ಸೂಚಿಸುತ್ತವೆ. ಕಾಗದ, ಪೆನ್ಸಿಲ್ಲುಗಳ ಹೊರತು ಅದಕ್ಕೆ ಬೇರೇನೂ ಬೇಡ.

ಇಂಥ ಪಾಠವನ್ನು ಕೇಳಿದ ವಿದ್ಯಾರ್ಥಿಯು ಅದೇ ಸಂಜೆ ಯಾದವಗಿರಿಯಲ್ಲಿ ಒಂದು ಸುತ್ತು ಬಂದನೆಂದರೆ, ಮೈಸೂರು ಮಹಾನಗರ ಪಾಲಿಕೆಯು ದುರಸ್ತಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಆರ್. ಕೆ. ನಾರಾಯಣರ ಮನೆಯನ್ನು ನೋಡಬಹುದು. ಸುತ್ತಲೂ ಕಿಟಕಿಗಳುಳ್ಳ ಅಲ್ಲಿಯ ಅರ್ಧವೃತ್ತಾಕಾರದ ಕೊಠಡಿಗೆ ಬೆಳಕು ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಬರುತ್ತದೆಂಬುದನ್ನು ತಾನೇ ಅಳೆದು ಬರೆದುಕೊಳ್ಳಬಹುದು. ರಜೆಯ ದಿನ ಕನ್ನಂಬಾಡಿಗೆ ಹೋದರೆ ಮತ್ತೊಂದು ಪಾಠ. 1911ರಲ್ಲಿ ಆರಂಭವಾದ ಆ ಅಣೆಕಟ್ಟಿನ ಕಲ್ಲುಗಳನ್ನು ಬೆಸೆದಿರುವುದು ಸಿಮೆಂಟಲ್ಲ, ಸುಟ್ಟ ಜೇಡಿಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆ. ನೀರಿನಲ್ಲಿದ್ದೂ ಅದು ಗಟ್ಟಿಯಾಗುವುದೇಕೆ ಎಂಬುದಕ್ಕೆ, ಸುಟ್ಟ ಜೇಡಿಯ ಸಿಲಿಕವು ಸುಣ್ಣದೊಡನೆ ಕೂಡಿ ಬಂಧಕವಾಗುವ ರಾಸಾಯನಿಕ ಕ್ರಿಯೆಯನ್ನು ವಿವರಿಸುವ ಉಪನ್ಯಾಸಗಳು ಉಚಿತವಾಗಿಯೇ ಸಿಗುತ್ತವೆ. ಅವುಗಳನ್ನು ಕೇಳಿ, ಕಟ್ಟೆಯನ್ನು ಕಣ್ಣಾರೆ ಕಂಡವನಿಗೆ ಆ ವಿದ್ಯೆಯು ಮರೆಯದಂತೆ ನಿಲ್ಲುತ್ತದೆ. ತೆರೆಯ ಪಾಠಕ್ಕೆ ಊರಿನ ಕಟ್ಟಡಗಳ ಸಾಕ್ಷ್ಯವನ್ನು ಜೋಡಿಸುವ ಅನುಕೂಲ ಮೈಸೂರಿನಷ್ಟು ಇರುವ ನಗರಗಳು ವಿರಳ. ಮಾರುಕಟ್ಟೆಯ ಗೋಡೆಯಿಂದ ಅರಮನೆಯ ಗುಮ್ಮಟದವರೆಗೆ ಸುಣ್ಣ, ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳ ಮಾದರಿಗಳೆಲ್ಲ ಇಲ್ಲಿ ನಡೆದುಹೋಗುವ ದೂರದಲ್ಲೇ ಇವೆ.

ವಿನ್ಯಾಸದ ವಿಷಯದಲ್ಲಿ ಡಿ-ಸೋರ್ಸ್ ಎಂಬ ಭಂಡಾರವನ್ನು ವಿಶೇಷವಾಗಿ ಹೆಸರಿಸಬೇಕು. ಮುಂಬಯಿ ಐಐಟಿಯ ವಿನ್ಯಾಸಶಾಲೆಯು, ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶಾಖೆ ಮತ್ತು ಗುವಾಹಾಟಿ ಐಐಟಿಗಳ ಸಹಯೋಗದಿಂದ, ಪ್ರಾಧ್ಯಾಪಕ ರವಿ ಪೂವಯ್ಯನವರ ನೇತೃತ್ವದಲ್ಲಿ ಇದನ್ನು ಬೆಳೆಸಿದೆ. ರೇಖೆ, ಬಣ್ಣ, ಅಕ್ಷರರೂಪ, ವಸ್ತುವಿನ ಬಳಕೆ ಮುಂತಾದವುಗಳ ಪಾಠಗಳ ಜೊತೆಗೆ, ದೇಶದ ಕರಕುಶಲ ಕಲೆಗಳನ್ನು ಹಂತಹಂತವಾಗಿ ಚಿತ್ರಿಸಿಟ್ಟಿರುವುದು ಅದರ ದೊಡ್ಡ ಗುಣ. ಚನ್ನಪಟ್ಟಣದ ಅರಗಿನ ಬೊಂಬೆ, ಬೀದರಿನ ಬಿದ್ರಿ ಪಾತ್ರೆಗಳು ಅಲ್ಲಿ ಕೇವಲ ಅಲಂಕಾರದ ಸಾಮಾನುಗಳಾಗಿರದೆ, ಒಂದು ವಿದ್ಯೆಯ ಕ್ರಮಬದ್ಧ ಪಾಠಗಳಾಗಿ ಗೌರವವನ್ನು ಪಡೆದಿವೆ.

ಆದರೆ ನನ್ನ ಅಭಿಪ್ರಾಯದಲ್ಲಿ, ಜನಸಾಮಾನ್ಯರ ಪ್ರಾಣಕ್ಕೂ ಹಣಕ್ಕೂ ನೇರವಾಗಿ ಸಂಬಂಧಿಸಿದ ಉಚಿತ ಸಾಹಿತ್ಯವೆಂದರೆ ಇನ್ನೆರಡು. 2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ನಡೆದ ಭೂಕಂಪವು ಸಹಸ್ರಾರು ಜನರನ್ನು ಅವರವರ ಮನೆಗಳಡಿಯಲ್ಲೇ ಹುಗಿದ ತರುವಾಯ, ಕಾನ್ಪುರ ಐಐಟಿಯ ಪ್ರಾಧ್ಯಾಪಕ ಸಿ. ವಿ. ಆರ್. ಮೂರ್ತಿಯವರು, ಕೇಂದ್ರದ ಕಟ್ಟಡ ಸಾಮಗ್ರಿ ಮಂಡಳಿಯ ಸಹಕಾರದಿಂದ, 24 ಕಿರುಲೇಖನಗಳನ್ನು ಬರೆದು ಯಾರು ಬೇಕಾದರೂ ಓದಬಹುದಾದಂತೆ ಪ್ರಕಟಿಸಿದರು. ನೆಲ ಕಂಪಿಸುವುದೇಕೆ ಎಂಬುದರಿಂದ ಮೊದಲುಗೊಂಡು, ಇಟ್ಟಿಗೆ ಮನೆಯ ಗೋಡೆಗಳೆಲ್ಲವನ್ನೂ ಬಾಗಿಲ ತಲೆಯ ಮಟ್ಟದಲ್ಲಿ ಸುತ್ತುವರಿದು ಹಿಡಿಯುವ ಕಾಂಕ್ರೀಟು ಪಟ್ಟಿಯು ಏಕೆ ಬೇಕು, ಕಂಬದ ಸಲಾಕೆಗಳನ್ನು ಬಿಗಿಯುವ ಉಂಗುರಗಳ ತುದಿಯನ್ನು 90 ಡಿಗ್ರಿಗೆ ಮಡಿಸಿ ಬಿಡದೆ 135 ಡಿಗ್ರಿಗೆ ಒಳಮುಖವಾಗಿ ಮಡಿಸಬೇಕಾದುದೇಕೆ ಎಂಬುದರವರೆಗೆ, ಒಂದೊಂದು ವಿಷಯಕ್ಕೂ ಚಿತ್ರಸಹಿತವಾದ ಎರಡೆರಡು ಪುಟಗಳು. ಕಂಪನದಲ್ಲಿ ಕಂಬದ ಹೊರಗಿನ ಕಾಂಕ್ರೀಟು ಉದುರಿದ ಕ್ಷಣದಲ್ಲಿ, 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಂಡು ಸಲಾಕೆಗಳು ಹೊರಕ್ಕೆ ಬಾಗುತ್ತವೆ. 135 ಡಿಗ್ರಿಯ ಕೊಕ್ಕೆಯ ತುದಿಯು ಒಳಗಿನ ಕಾಂಕ್ರೀಟನ್ನು ಕಚ್ಚಿ ಹಿಡಿದಿರುವುದರಿಂದ ಕಂಬ ನಿಲ್ಲುತ್ತದೆ. ಕಬ್ಬಿಣ ಕಟ್ಟುವವನ ಕೈಯ ಒಂದು ಹೆಚ್ಚಿನ ತಿರುವಿನಲ್ಲಿ ಒಂದು ಕುಟುಂಬದ ಜೀವ ಅಡಗಿದೆಯೆಂದಾದರೆ, ಆ ತಿರುವಿನ ಕಾರಣವನ್ನು ಅವನಿಗೆ ತಿಳಿಸಿಕೊಡುವ ಎರಡು ಪುಟಗಳ ಬೆಲೆಯನ್ನು ಯಾವ ನಾಣ್ಯದಲ್ಲಿ ಅಳೆಯುವುದು!

ಎರಡನೆಯದು ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಮನೆ ಕಟ್ಟುವ ವೆಚ್ಚವನ್ನು ತಗ್ಗಿಸುವ ಬಗೆಯನ್ನು ಕುರಿತು ಕೈಬರಹದಲ್ಲೇ ಚಿತ್ರಗಳೊಡನೆ ರಚಿಸಿದ ಪುಸ್ತಿಕೆಗಳು. ಇವು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಎಂಬ ಕಟ್ಟಿನಿಂದ ಇಟ್ಟಿಗೆಯಲ್ಲಿ ಕಾಲು ಭಾಗದಷ್ಟು ಉಳಿತಾಯವಾಗುವುದಲ್ಲದೆ, ಒಳಗಿನ ಗಾಳಿಯು ಬಿಸಿಲಿನ ಕಾವನ್ನು ತಡೆಯುವುದರಿಂದ ಮನೆಯೂ ತಂಪಾಗಿರುತ್ತದೆಂಬುದನ್ನು ಬೇಕರ್ ಅಕ್ಷರಜ್ಞಾನ ಅಲ್ಪವಿದ್ದವನಿಗೂ ಅರ್ಥವಾಗುವಂತೆ ಬರೆದು ತೋರಿಸಿದರು. ಇದೇ ದಾರಿಯಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಹುಟ್ಟುಹಾಕಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆಯೇ ಗಟ್ಟಿ ಇಟ್ಟಿಗೆಗಳನ್ನು ಮಾಡುವ ವಿದ್ಯೆಯನ್ನು ಸಿದ್ಧಗೊಳಿಸಿದರು. ಸೌದೆಯನ್ನೂ ಹಣವನ್ನೂ ಏಕಕಾಲದಲ್ಲಿ ಉಳಿಸುವ ಆ ವಿದ್ಯೆಯು ಕನ್ನಡ ನಾಡಿನಲ್ಲಿಯೇ ಬೆಳೆದುದು. ಅದನ್ನು ಕನ್ನಡದಲ್ಲಿ ಓದುವವರಿಗೆ ದೊರಕುವ ಸಾಮಗ್ರಿ ಮಾತ್ರ ಅತ್ಯಲ್ಪ.

ಇನ್ನು ಉಪಕರಣಗಳ ಮಾತು. ನಕ್ಷೆ ಬರೆಯಲು ಲಿಬ್ರೆಕ್ಯಾಡ್, ಮೂರು ಆಯಾಮದ ಯಂತ್ರಭಾಗಗಳಿಗೆ ಫ್ರೀಕ್ಯಾಡ್, ರೂಪಚಿತ್ರಣಕ್ಕೆ ಬ್ಲೆಂಡರ್, ಭೂಪಟಗಳಿಗೆ ಕ್ಯೂಜಿಐಎಸ್, ಇವೆಲ್ಲವೂ ಹಣ ತೆರದೆ, ಕಳ್ಳಪ್ರತಿಯ ಅಪರಾಧಕ್ಕೂ ಒಳಗಾಗದೆ ಬಳಸಬಹುದಾದ ತಂತ್ರಾಂಶಗಳು. ಮುಂಬಯಿ ಐಐಟಿಯ ಫೋಸಿ ತಂಡವು ಭಾರತೀಯ ಮಾನಕಕ್ಕೆ ಅನುಗುಣವಾಗಿ ಉಕ್ಕಿನ ಜೋಡಣೆಗಳನ್ನು ಲೆಕ್ಕಹಾಕುವ ಓಸ್ಡ್ಯಾಗ್ ಎಂಬುದನ್ನು ನಿರ್ಮಿಸಿ ಮುಕ್ತವಾಗಿ ಹಂಚುತ್ತಿದೆ. ಅದೇ ಸಂಸ್ಥೆಯ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರು ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯನ್ನು ನಾನು ಇವೆಲ್ಲಕ್ಕಿಂತ ಮೇಲಿಟ್ಟು ಎಣಿಸುತ್ತೇನೆ. ಸುಮಾರು ಹತ್ತು ನಿಮಿಷಗಳ ಪಾಠ. ತೆರೆಯ ಮೇಲೆ ಕಾಣುವುದು ಇಂಗ್ಲಿಷಿನ ತಂತ್ರಾಂಶವೇ. ಆದರೆ ಯಾವ ಗುಂಡಿಯನ್ನು ಏಕೆ ಒತ್ತಬೇಕೆಂದು ವಿವರಿಸುವ ಧ್ವನಿಯು ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಮುಂದೆ ಉದ್ಯೋಗದಲ್ಲಿ ಎದುರಾಗುವ ಇಂಗ್ಲಿಷ್ ಪದಗಳಿಗೆ ವಿದ್ಯಾರ್ಥಿಯ ಕಣ್ಣು ಒಗ್ಗುತ್ತದೆ, ಅರ್ಥಗ್ರಹಣವು ತಾಯ್ನುಡಿಯಲ್ಲಿ ಆಗುತ್ತದೆ. ಭಾಷೆಯ ಜಗಳವನ್ನು ಇಷ್ಟು ವಿವೇಕದಿಂದ ಬಗೆಹರಿಸಿದ ಮತ್ತೊಂದು ಶೈಕ್ಷಣಿಕ ಯೋಜನೆ ನನಗೆ ತಿಳಿದಂತೆ ಇಲ್ಲ.

ಇದರಿಂದ ನಾವು ಮುಖ್ಯ ಪ್ರಶ್ನೆಗೆ ಬಂದಂತಾಯಿತು. ವಿದ್ಯೆಯು ಉಚಿತವಾಯಿತು, ಯಥೇಚ್ಛವಾಗಿ ದೊರೆಯುವಂತಾಯಿತು. ಆದರೆ ಅದರ ಹೆಬ್ಬಾಗಿಲು ಇನ್ನೂ ಇಂಗ್ಲಿಷಿನದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಾಲಿಟೆಕ್ನಿಕ್ ಸೇರಿದ ಹುಡುಗನಿಗೆ ಶುಲ್ಕದ ಅಡ್ಡಿ ಕಳೆದರೂ ನುಡಿಯ ಅಡ್ಡಿ ಕಳೆಯದು. ಇದಕ್ಕೆ ಪರಿಹಾರವನ್ನು ಹುಡುಕುವ ಕಾರ್ಯವು ನಡೆದೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ಎನ್‌ಪಿಟೆಲ್ ತನ್ನ ಹಲವು ಪಾಠಗಳ ಲಿಖಿತರೂಪವನ್ನು ಕನ್ನಡಕ್ಕೂ ತರುತ್ತಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ತಾಯ್ನುಡಿಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ 2021ರಲ್ಲಿ ಅವಕಾಶವನ್ನು ಕಲ್ಪಿಸಿ, ಇ-ಕುಂಭ್ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಉಚಿತವಾಗಿ ಒದಗಿಸಿದೆ. ಮೈಸೂರಿನಲ್ಲಿಯೇ, ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ, ಜ್ಞಾನಗ್ರಂಥಗಳನ್ನು ದೇಶಭಾಷೆಗಳಿಗೆ ತರುವ ರಾಷ್ಟ್ರೀಯ ಅನುವಾದ ಮಿಷನ್ನೂ, ನಿಘಂಟುಗಳನ್ನು ಒಂದೆಡೆ ಸೇರಿಸಿಟ್ಟಿರುವ ಭಾರತವಾಣಿಯೂ ಕೆಲಸ ಮಾಡುತ್ತಿವೆ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಪ್ರಕಟಿಸಿತು, 1969ರಿಂದ ಮೊದಲುಗೊಂಡು 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಆ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಡಿಯಲ್ಲಿ ಬಿಟ್ಟುಕೊಟ್ಟುದು ಈ ಕಾಲದ ವಿಶ್ವವಿದ್ಯಾನಿಲಯಗಳು ಅನುಸರಿಸಬೇಕಾದ ಔದಾರ್ಯ.

ಪರವಾನಗಿಯೆಂಬ ಈ ಮಾತನ್ನು ಅಧ್ಯಾಪಕರು ಗಮನಿಸಬೇಕು. ಹಣವಿಲ್ಲದೆ ನೋಡಲು ಸಿಗುವುದೆಲ್ಲವೂ ತೆಗೆದುಕೊಂಡು ತಿದ್ದಲು, ಅನುವಾದಿಸಲು, ಮರುಹಂಚಲು ಸಿಗುವುದಿಲ್ಲ. ಕರ್ತೃವು ಕ್ರಿಯೇಟಿವ್ ಕಾಮನ್ಸ್ ಮುಂತಾದ ಮುಕ್ತ ಪರವಾನಗಿಯನ್ನು ಸ್ಪಷ್ಟವಾಗಿ ಕೊಟ್ಟಿದ್ದರೆ, ಅದರ ನಿಬಂಧನೆಗಳಿಗೆ ಒಳಪಟ್ಟು, ಮೂಲವನ್ನು ಹೆಸರಿಸಿ, ಕನ್ನಡಕ್ಕೆ ತರಬಹುದು. ಕೊಡದಿದ್ದರೆ ಅನುಮತಿ ಬೇಡಬೇಕು. ಕನ್ನಡದ ಕೆಲಸಕ್ಕೆ ಕೈಹಾಕುವವರು ಮೊದಲು ನೋಡಬೇಕಾದುದು ಇದನ್ನು.

ಎಲ್ಲವನ್ನೂ ಕನ್ನಡಿಸಬೇಕೆಂದು ನಾನು ವಾದಿಸುವುದಿಲ್ಲ. ಯಂತ್ರವು ಕ್ಷಣಮಾತ್ರದಲ್ಲಿ ಅನುವಾದಿಸಿಕೊಡುವ ಪುಟಗಳನ್ನು ಓದಿದವರಿಗೆ, ಮೂಲ ಇಂಗ್ಲಿಷಿಗಿಂತ ಅದರ ಕನ್ನಡವೇ ಕಠಿಣವಾಗಿರುವುದು ಅನುಭವಕ್ಕೆ ಬಂದಿರುತ್ತದೆ. ಕಟ್ಟಡದ ಕೆಲಸದಲ್ಲಿ ಎಲ್ಲರೂ ಸೆಂಟ್ರಿಂಗ್ ಎನ್ನುತ್ತಿರುವಾಗ ಅದಕ್ಕೆ ಯಾರೂ ಕೇಳದ ಸಮಾಸವೊಂದನ್ನು ಹೊಸೆದಿಟ್ಟರೆ ಕಲಿಯುವವನು ಎರಡು ಭಾಷೆಗಳನ್ನು ಕಲಿಯಬೇಕಾಗುತ್ತದೆ. ಬೇಕಾಗಿರುವುದು ಜೊತೆಗಾರಿಕೆ. ಯಾವ ಪಾಠವನ್ನು ಮೊದಲು ಕೇಳಬೇಕು, ಯಾವುದನ್ನು ಬಿಡಬಹುದು, ಈ ಲೆಕ್ಕದ ಹಿಂದಿನ ತತ್ತ್ವವೇನು, ನಮ್ಮೂರಿನ ಯಾವ ಕಟ್ಟಡದಲ್ಲಿ ಅದನ್ನು ಕಾಣಬಹುದು ಎಂಬುದನ್ನು ಕನ್ನಡದಲ್ಲಿ ಹೇಳಿಕೊಡುವ ಅನುಭವಿಯೊಬ್ಬನಿದ್ದರೆ, ಮಿಕ್ಕುದನ್ನು ವಿದ್ಯಾರ್ಥಿಯು ಇಂಗ್ಲಿಷಿನಲ್ಲಿಯೇ ಜೀರ್ಣಿಸಿಕೊಳ್ಳಬಲ್ಲನು. ಒಂಟಿಯಾಗಿ ಆರಂಭಿಸಿದ ಅಂತರ್ಜಾಲದ ಪಾಠವನ್ನು ಅರ್ಧಕ್ಕೆ ಬಿಡುವವರೇ ಬಹುಮಂದಿ. ಬಿಡುವುದಕ್ಕೆ ಕಾರಣ ಬುದ್ಧಿಯ ಕೊರತೆಯೆಂದು ನಾನು ನಂಬಲಾರೆ, ಕೇಳುವವರಿಲ್ಲದ ಏಕಾಂತವೇ ಅದರ ಕಾರಣ.

ಮೈಸೂರಿನಲ್ಲಿ ಅಂಥ ಅನುಭವಿಗಳಿಗೆ ಬಡತನವಿಲ್ಲ. 1946ರಲ್ಲಿ ಸ್ಥಾಪಿತವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಮತ್ತು ಅನಂತರ 1963ರಲ್ಲಿ ಬಂದ ಜಯಚಾಮರಾಜೇಂದ್ರ ಕಾಲೇಜುಗಳಲ್ಲಿ ಓದಿ, ರೈಲ್ವೆ, ನೀರಾವರಿ, ಲೋಕೋಪಯೋಗಿ ಇಲಾಖೆಗಳಲ್ಲಿ ದುಡಿದು, ಈಗ ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮಿಪುರ, ಸರಸ್ವತೀಪುರಗಳಲ್ಲಿ ವಿಶ್ರಾಂತ ಜೀವನವನ್ನು ನಡೆಸುತ್ತಿರುವ ಹಿರಿಯರು ಎಷ್ಟೋ ಮಂದಿ. ಅವರನ್ನು ನಾನು ವಿನಯಪೂರ್ವಕವಾಗಿ ಪ್ರಾರ್ಥಿಸುವುದಿಷ್ಟೆ: ವಾರದಲ್ಲಿ ಒಂದು ಸಂಜೆ, ನಿಮ್ಮ ಮನೆಯ ಪಡಸಾಲೆಯಲ್ಲಾಗಲಿ, ಬಡಾವಣೆಯ ಗ್ರಂಥಾಲಯದಲ್ಲಾಗಲಿ, ನಾಲ್ಕೈದು ಪಾಲಿಟೆಕ್ನಿಕ್ ವಿದ್ಯಾರ್ಥಿಗಳನ್ನೂ ಒಬ್ಬಿಬ್ಬರು ಮೇಸ್ತ್ರಿಗಳನ್ನೂ ಕೂಡಿಸಿಕೊಂಡು, ಒಂದು ಉಪನ್ಯಾಸವನ್ನು ತೆರೆಯ ಮೇಲೆ ಹಾಕಿ, ನಡುನಡುವೆ ನಿಲ್ಲಿಸಿ, ನೀವು ಕಂಡ ಸೇತುವೆ, ನೀವು ಕಟ್ಟಿಸಿದ ಕಾಲುವೆಗಳ ಉದಾಹರಣೆಯೊಡನೆ ಕನ್ನಡದಲ್ಲಿ ವಿವರಿಸಿರಿ, ಸಾಧ್ಯವಾದರೆ ಆ ವಿವರಣೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮುಕ್ತ ಪರವಾನಗಿಯೊಡನೆ ಬಿಟ್ಟುಕೊಡಿರಿ. ಭೂಕಂಪದ ಆ 24 ಕಿರುಲೇಖನಗಳಿಂದಲೇ ಆರಂಭಿಸಬಹುದು. ವಾರಕ್ಕೊಂದರಂತೆ ನಡೆಸಿದರೆ ಆರು ತಿಂಗಳಿಗೆ ಮುಗಿಯುತ್ತವೆ.